ಥಾಯ್ ತಲೆಬುರುಡೆಗಳಲ್ಲಿ ನರದ ರಂಧ್ರಗಳನ್ನು ಅಳೆಯುವುದು: ನನ್ನ ಅನುಭವ

ಮುಖದ ಮೂರು ಮುಖ್ಯ ನರಗಳು ಮೂಳೆಯಿಂದ ಹೊರಬೀಳುವುದು ಹುಬ್ಬಿನ ಅಂಚಿನಲ್ಲಿ, ಕಣ್ಣುಗೂಡಿನ ಕೆಳಗೆ ಮತ್ತು ಕೆಳದವಡೆಯ ಹೊರಮೈಯಲ್ಲಿ. ದಂತವೈದ್ಯರ ಸೂಜಿಯೂ ಮುಖದ ಶಸ್ತ್ರಚಿಕಿತ್ಸಕರ ಚಾಕುವೂ ಹೋಗುವ ಜಾಗಗಳೇ ಇವು. ಥಾಯ್ ಬುರುಡೆಗಳಲ್ಲಿ ಈ ರಂಧ್ರಗಳ ಬಗ್ಗೆ ಒಂದೊಂದು ಪ್ರಬಂಧ ಒಂದೊಂದು ಶೇಕಡಾವಾರು ಕೊಡುತ್ತದೆ. ನನ್ನ ಪ್ರಕಾರ ಆ ವ್ಯತ್ಯಾಸದಲ್ಲಿ ದೊಡ್ಡ ಪಾಲು ಜನರದ್ದಲ್ಲ, ಎಣಿಸುವ ನಿಯಮದ್ದು.

ಥಾಯ್ಲೆಂಡಿನ ಖೋನ್ ಕೇನ್, ಚಿಯಾಂಗ್ ಮಾಯ್‌ ನಗರಗಳ ವಿಶ್ವವಿದ್ಯಾಲಯಗಳಲ್ಲಿರುವ ಮೂಳೆಗಳು ದೇಹದಾನದಿಂದ ಬಂದವು. ವಯಸ್ಸು, ಲಿಂಗ ದಾಖಲಾಗಿರುತ್ತವೆ. ನಮ್ಮ ಕಡೆಯ ಕಾಲೇಜುಗಳ ಹಳೆಯ ಬುರುಡೆಗಳಿಗೆ ಸಾಮಾನ್ಯವಾಗಿ ಆ ಭಾಗ್ಯವಿಲ್ಲ. ಆದರೆ ದಾನಿಗಳಲ್ಲಿ ವೃದ್ಧರೇ ಹೆಚ್ಚು, ಹಾಗಾಗಿ ಹಲ್ಲು ಉದುರಿದ ದವಡೆಗಳೂ ಹೆಚ್ಚು. ಹಲ್ಲು ಹೋದ ಮೇಲೆ ದವಡೆಯ ಮೇಲಂಚು ಸವೆಯುತ್ತದೆ, ಅದರ ಹೊರಮೈಯಲ್ಲಿರುವ ನರದ ರಂಧ್ರ (ಮೆಂಟಲ್ ರಂಧ್ರ) ಮೇಲಕ್ಕೆ ಸರಿದಂತೆ ಕಾಣುತ್ತದೆ. ಅದಕ್ಕೇ ಎತ್ತರವನ್ನು ಯಾವಾಗಲೂ ದವಡೆಯ ಕೆಳಂಚಿನಿಂದ ಅಳೆಯುತ್ತೇನೆ. ಥಾಯ್ ದವಡೆಗಳಲ್ಲಿ ಈ ರಂಧ್ರ ಹೆಚ್ಚಾಗಿ ಎರಡನೇ ಪ್ರಿಮೋಲಾರ್‌ನ, ಅಂದರೆ ಕೋರೆಹಲ್ಲಿನ ಹಿಂದಿರುವ ಎರಡನೇ ಸಣ್ಣ ದವಡೆಹಲ್ಲಿನ, ನೇರ ಕೆಳಗಿರುತ್ತದೆ. ಯುರೋಪಿನವರಲ್ಲಿ ಎರಡು ಪ್ರಿಮೋಲಾರ್‌ಗಳ ನಡುವೆ ಸಿಗುವುದು ಹೆಚ್ಚು. ಹಲ್ಲಿನ ಗುಣಿಯೇ ಮುಚ್ಚಿಹೋಗಿದ್ದರೆ ಆ ಕಾಲಂ ಖಾಲಿ ಬಿಡಿ, ಊಹಿಸಬೇಡಿ.

ಬುರುಡೆಯನ್ನು ಮರಳು ಚೀಲದ ಮೇಲೆ ಫ್ರಾಂಕ್‌ಫರ್ಟ್ ಸಮತಲಕ್ಕೆ ಕೂರಿಸಬೇಕು: ಕಿವಿರಂಧ್ರದ ಮೇಲಂಚು ಮತ್ತು ಕಣ್ಣುಗೂಡಿನ ಕೆಳಂಚು ಒಂದೇ ಮಟ್ಟದಲ್ಲಿರಬೇಕು. ಇದನ್ನು ಬಿಟ್ಟರೆ 'ನೇರ ಕೆಳಗೆ' ಎಂಬ ಮಾತಿಗೆ ಅರ್ಥವಿಲ್ಲ. ಅಂತರ ಅಳೆಯುವ ಡಿಜಿಟಲ್ ಕ್ಯಾಲಿಪರ್ 0.01 ಮಿ.ಮೀ.ವರೆಗೂ ತೋರಿಸುತ್ತದೆ, ನಂಬಬೇಡಿ. ರಂಧ್ರದ ಅಂಚು ಇಳಿಜಾರಾಗಿರುವುದರಿಂದ ಕ್ಯಾಲಿಪರ್‌ನ ತುದಿ ಜಾರುತ್ತದೆ. ಅಂಚಿನಿಂದ ಅಳೆಯುತ್ತೀರೋ ಮಧ್ಯದಿಂದಲೋ, ಮೊದಲೇ ಬರೆದಿಡಿ. ನನ್ನದು ಮಧ್ಯದಿಂದ.

ನಿಜವಾದ ಗೊಂದಲ ಇರುವುದು ಹುಬ್ಬಿನ ಅಂಚಿನಲ್ಲಿ. ಕೆಲವರಲ್ಲಿ ಪೂರ್ತಿ ಮುಚ್ಚಿದ ರಂಧ್ರ, ಕೆಲವರಲ್ಲಿ ಕೆಳಗೆ ಬಾಯಿ ತೆರೆದ ಬರೀ ಕಚ್ಚು, ಎಷ್ಟೋ ಬಾರಿ ಒಂದೇ ಬುರುಡೆಯ ಬಲಕ್ಕೊಂದು ಎಡಕ್ಕೊಂದು. ಎರಡು ಕಡೆಯಿಂದಲೂ ಮೂಳೆಯ ಮುಳ್ಳು ಬಂದು, ನಡುವೆ ಕೂದಲೆಳೆಯಷ್ಟು ಸಂದಿ ಉಳಿದಿದ್ದರೆ ಏನೆಂದು ಬರೆಯುವುದು? ನನ್ನ ನಿಯಮ: ಹಲ್ಲಿಗೆ ಕ್ಲಿಪ್ ಹಾಕುವ 0.4 ಮಿ.ಮೀ. ತಂತಿ ಆ ಸಂದಿಯಲ್ಲಿ ಹೊರಗೆ ಜಾರಿದರೆ ಕಚ್ಚು, ಇಲ್ಲದಿದ್ದರೆ ರಂಧ್ರ. ಜೀವಂತ ದೇಹದಲ್ಲಿ ಕಚ್ಚಿನ ಬಾಯಿಯನ್ನು ಹೆಚ್ಚಾಗಿ ನಾರಿನ ಪಟ್ಟಿಯೊಂದು ಕಟ್ಟಿರುತ್ತದೆ, ಒಣಮೂಳೆಯಲ್ಲಿ ಅದು ಉಳಿದಿರುವುದಿಲ್ಲ. ಆದ್ದರಿಂದ 'ಕಚ್ಚು' ಎಂದ ಮಾತ್ರಕ್ಕೆ ನರ ಸಡಿಲವಾಗಿತ್ತು ಅನ್ನಲಾಗದು.

ಹೆಚ್ಚುವರಿ ರಂಧ್ರಗಳಿಗೂ ಅದೇ ತಂತಿ. ಕೆಳದವಡೆಯಲ್ಲಿ ಮುಖ್ಯ ರಂಧ್ರದ ಪಕ್ಕ ಇನ್ನೊಂದು ಕಂಡರೆ, ತಂತಿ ಒಳಗಿನ ನರದ ಕಾಲುವೆಗೆ ಸೇರಬೇಕು. ಎರಡು ಮಿಲಿಮೀಟರಿಗೇ ನಿಂತರೆ ಅದು ಬಹುತೇಕ ರಕ್ತನಾಳದ್ದು. ಒತ್ತಿ ತೂರಿಸಬೇಡಿ, ತೆಳು ಮೂಳೆ ಒಡೆದು ನೀವೇ ರಂಧ್ರ ಮಾಡಿರುತ್ತೀರಿ.

ಇನ್ನು ಎಣಿಕೆ. 100 ಬುರುಡೆಗಳಲ್ಲಿ 10ಕ್ಕೆ ಒಂದೇ ಕಡೆ ಹೆಚ್ಚುವರಿ ರಂಧ್ರವಿದ್ದರೆ, ಬುರುಡೆ ಲೆಕ್ಕದಲ್ಲಿ ಶೇ. 10, ಪಾರ್ಶ್ವದ (ಬುರುಡೆಗೆ ಎರಡು) ಲೆಕ್ಕದಲ್ಲಿ ಶೇ. 5. ಎರಡನ್ನೂ ಕೊಡದ ಕೋಷ್ಟಕವನ್ನು ಬೇರೆ ದೇಶದ ಕೋಷ್ಟಕದ ಪಕ್ಕ ಇಡಬೇಡಿ. ಮೊದಲ ಅಳತೆ ಮರೆಯುವಷ್ಟು, ಅಂದರೆ ಎರಡು ವಾರ ಬಿಟ್ಟು, ಕೆಲವನ್ನು ಮತ್ತೆ ಅಳೆಯಿರಿ. ಎರಡು ಅಳತೆಗಳ ನಡುವಿನ ವ್ಯತ್ಯಾಸಗಳ ವರ್ಗಗಳನ್ನು (ಸ್ಕ್ವೇರ್) ಕೂಡಿಸಿ, ಮತ್ತೆ ಅಳೆದ ಮೂಳೆಗಳ ಸಂಖ್ಯೆಯ ಎರಡರಷ್ಟರಿಂದ ಭಾಗಿಸಿ, ವರ್ಗಮೂಲ ತೆಗೆದರೆ ನಿಮ್ಮ ಕೈಯ ದೋಷ ಸಿಗುತ್ತದೆ. ಗಂಡು-ಹೆಣ್ಣಿನ ವ್ಯತ್ಯಾಸ ಅದಕ್ಕಿಂತ ಕಡಿಮೆಯಿದ್ದರೆ ಅದರ ಬಗ್ಗೆ ಬರೆಯುವುದೇನೂ ಇಲ್ಲ.

ಸಾಧ್ಯವಿದ್ದರೆ ದೇಹದಲ್ಲೂ ನೋಡಬೇಕು. ಥಾಯ್ಲೆಂಡಿನಲ್ಲಿ ದಾನಿಯ ದೇಹವನ್ನು 'ಆಚಾನ್ ಯಾಯ್', ಹಿರಿಯ ಗುರು ಎನ್ನುತ್ತಾರೆ. ಕೈಮುಗಿದೇ ಕೆಲಸ ಆರಂಭ. ಹುಬ್ಬಿನ ನರಕ್ಕಾಗಿ ನೆತ್ತಿಯ ಅಡ್ಡಕ್ಕೆ, ಕಿವಿಯಿಂದ ಕಿವಿಗೆ ಕೊಯ್ದು ಚರ್ಮವನ್ನು ಮುಂದಕ್ಕೆ ಮಡಚುತ್ತೇನೆ. ಹುಬ್ಬಿನ ಅಂಚಿಗೆ ಸುಮಾರು ಎರಡು ಸೆಂ.ಮೀ. ಇರುವಾಗಲೇ ಚಾಕು ಕೆಳಗಿಟ್ಟು ಮೊಂಡು ಕತ್ತರಿಯಿಂದ ಬಿಡಿಸಬೇಕು. ನರ ಕಣ್ಣುಗೂಡಿನ ಒಳಗೇ ಎರಡಾಗಿ, ಒಂದು ಕವಲು ಕಚ್ಚಿನಲ್ಲೂ ಇನ್ನೊಂದು ಅದರ ಮೇಲಿನ ಬೇರೆ ರಂಧ್ರದಲ್ಲೂ ಬರುವುದುಂಟು. ಚರ್ಮ ಎಳೆದರೆ ಮೊದಲು ಹರಿಯುವುದು ಆ ಮೇಲಿನದೇ.