ಐವತ್ತೊಂದರ ಷೆವ್ರೊಲೆ ಪಿಕಪ್ಪು, ಎರಡು ಡ್ರಮ್ಮು ಕಾಕಂಬಿ

ನಾನು ಕೈಯಾರೆ ಸರಿಮಾಡಿದ ಈ ಹಳೇ ಪಿಕಪ್ಪಿನ ಡ್ರೈವರ್ ಬಾಗಿಲು ತೆಗೆದರೆ, ಬಾಗಿಲ ಕಂಬದ ಮೇಲೆ ಒಂದು ಪುಟ್ಟ ತಗಡಿನ ಪಟ್ಟಿ ಇದೆ. ಮೂರು ಪದರ ಪೇಂಟ್ ಕೆರೆದ ಮೇಲೆ ‘1ಜೆಪಿಇ’ ಅಂತ ಕಾಣಿಸಿತು. 1 ಅಂದರೆ ಮಿಶಿಗನ್‌ನ ಫ್ಲಿಂಟ್ ಕಾರ್ಖಾನೆ. ಜೆಪಿ ಅಂದರೆ 1951ರ ಅರ್ಧ ಟನ್ ಮಾಡೆಲ್. ಇ ಅಂದರೆ ಐದನೇ ತಿಂಗಳು, ಮೇ. ನಮ್ಮ ಮನೆಯಿಂದ ಫ್ಲಿಂಟ್‌ಗೆ ಒಂದು ಗಂಟೆ ದಾರಿ. ಎಪ್ಪತ್ತು ವರ್ಷದಲ್ಲಿ ಈ ಗಾಡಿ ಹುಟ್ಟಿದೂರು ಬಿಟ್ಟು ಹೆಚ್ಚು ದೂರ ಹೋಗೇ ಇಲ್ಲ. ಅವತ್ತೇ ತೀರ್ಮಾನ ಮಾಡಿದೆ, ಇದರ ಎಂಜಿನ್ ಬದಲಾಯಿಸೋದಿಲ್ಲ ಅಂತ.

ಬಂದವರೆಲ್ಲ ಎಂಟು ಸಿಲಿಂಡರಿನ ವಿ8 ಎಂಜಿನ್ ಹಾಕು ಅಂದರು. ನನಗೆ ಬೇಕಿದ್ದದ್ದು ಆ ಹಳೇ ಆರು ಸಿಲಿಂಡರಿನ 216 ಘನ ಇಂಚಿನ ಎಂಜಿನ್ನೇ. ಅದಕ್ಕೆ ನಮ್ಮ ದೊಡ್ಡಪ್ಪ ಕಾರಣ. ಮಂಡ್ಯದಲ್ಲಿ ಕಬ್ಬಿನ ಲಾರಿಗೆ ಕ್ಲೀನರ್ ಆಗಿ ಸೇರಿದವರು ಅವರು. ಮೊದಲ ಲಾರಿ ಷೆವ್ರೊಲೆ. ಜನರಲ್ ಮೋಟರ್ಸ್ 1928ರಿಂದಲೇ ಬಾಂಬೆಯಲ್ಲಿ ಗಾಡಿ ಜೋಡಿಸುತ್ತಿತ್ತು, ನಮ್ಮ ಕಡೆ ಷೆವ್ರೊಲೆ ಲಾರಿ ಹೊಸದೇನಲ್ಲ. ಫೋನಿನಲ್ಲಿ ಹೇಳಿದಾಗ ಅವರು ಕೇಳಿದ ಮೊದಲ ಮಾತು: “ಕಾಲಲ್ಲಿ ಸ್ಟಾರ್ಟ್ ಮಾಡೋದು ಅಲ್ವೇನ್ಲಾ ಅದು?” ಹೌದು, ಆಕ್ಸಿಲೇಟರ್ ಪಕ್ಕದಲ್ಲೇ ಸ್ಟಾರ್ಟರ್ ಪೆಡಲ್.

ಮೊದಲು ತುಕ್ಕಿನ ಕತೆ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಕ್ಯಾಬಿನ ಹಿಂದಿನ ಎರಡೂ ಮೂಲೆ, ಬಾಗಿಲ ಕೆಳಭಾಗ, ಕಾಲಿಡುವ ತಗಡು ಎಲ್ಲ ತಿಂದುಹೋಗಿತ್ತು. ಸ್ಕ್ರೂಡ್ರೈವರ್ ಒತ್ತಿದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಆ ಭಾಗ ಕತ್ತರಿಸಿ ಹೊಸ ತಗಡು ಕೂರಿಸಿದೆ. ಕತ್ತರಿಸುವ ಮೊದಲು ಕ್ಯಾಬಿನ ಒಳಗೆ ಅಡ್ಡಡ್ಡ ಕಬ್ಬಿಣದ ಪಟ್ಟಿ ಬೆಸೆದು ಬಿಗಿ ಮಾಡಿಕೊಳ್ಳಿ. ಇಲ್ಲದಿದ್ದರೆ ಆಮೇಲೆ ಬಾಗಿಲು ಕೂರೋದೇ ಇಲ್ಲ. ವೆಲ್ಡಿಂಗ್ ಒಂದೇ ಗೆರೆಯಲ್ಲಿ ಎಳೆಯಬೇಡಿ. ಇಲ್ಲೊಂದು ಚುಕ್ಕಿ, ಒಂದಡಿ ಆಚೆ ಇನ್ನೊಂದು, ಆರಿದ ಮೇಲೆ ನಡುವೆ ಮತ್ತೊಂದು. ಒಂದು ಮೂಲೆಗೆ ನನಗೆ ಎರಡು ಶನಿವಾರ ಹಿಡಿಯಿತು.

ಸಣ್ಣ ಭಾಗಗಳ ತುಕ್ಕು ಬಿಡಿಸಲು ಕಾಕಂಬಿ, ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ. ದನಕ್ಕೆ ಹಾಕುವ ಕಾಕಂಬಿ ಇಲ್ಲಿ ಮೇವಿನ ಅಂಗಡಿಯಲ್ಲಿ ಸಿಗುತ್ತದೆ. ಒಂದು ಭಾಗ ಕಾಕಂಬಿ, ಒಂಬತ್ತು ಭಾಗ ನೀರು, ಎರಡು ಪ್ಲಾಸ್ಟಿಕ್ ಡ್ರಮ್ಮು. ಬಾಗಿಲ ಕೀಲು, ಬ್ರಾಕೆಟ್, ಬೋಲ್ಟು ಎಲ್ಲ ಒಳಗೆ. ಜುಲೈ ಬಿಸಿಲಿಗೆ ಎರಡು ವಾರ ಸಾಕಾಯಿತು. ಚಳಿಯಲ್ಲಾದರೆ ತಿಂಗಳಾದರೂ ಆಗೋದಿಲ್ಲ. ಅದು ತುಕ್ಕನ್ನು ನಿಧಾನಕ್ಕೆ ಬಿಡಿಸಿ ನೀರಿಗೆಳೆಯುತ್ತದೆ, ಒಳ್ಳೇ ಉಕ್ಕಿನ ತಂಟೆಗೆ ಹೆಚ್ಚು ಹೋಗೋದಿಲ್ಲ. ಮೇಲೆ ನೊರೆ ಕಟ್ಟುತ್ತದೆ, ವಾಸನೆ ಬೀದಿಗೆಲ್ಲ. ನನಗೆ ಮಾತ್ರ ಅದು ಮಂಡ್ಯದ ಸಕ್ಕರೆ ಕಾರ್ಖಾನೆ ಕಬ್ಬು ಅರೆಯುವ ದಿನಗಳ ವಾಸನೆ. ಡ್ರಮ್ಮಿನ ಪಕ್ಕ ಸುಮ್ನೆ ನಿಂತುಬಿಡುತ್ತಿದ್ದೆ. ತೆಗೆದ ಕೂಡಲೇ ಜೋರಾಗಿ ನೀರು ಬಿಟ್ಟು ತೊಳೆದು, ಒಣಗಿಸಿ, ಪ್ರೈಮರ್ ಹೊಡೆಯಬೇಕು. ಊಟ ಮುಗಿಸಿ ಬರೋಣ ಅಂದರೆ ಅಷ್ಟರಲ್ಲಿ ಮತ್ತೆ ಕೆಂಪು ಹತ್ತಿರುತ್ತದೆ.

ಒಂದು ತಪ್ಪು ಮಾಡಿದೆ. ಮೂಲ ಬಾಗಿಲ ಹಿಡಿಕೆಯನ್ನೂ ಅದರಲ್ಲೇ ಮುಳುಗಿಸಿದೆ. ಅದು ಸತುವಿನ ಎರಕ. ಸತು, ಅಲ್ಯುಮಿನಿಯಂ ಎರಡನ್ನೂ ಕಾಕಂಬಿ ತಿನ್ನುತ್ತದೆ. ಹೊರಗೆ ತೆಗೆದಾಗ ಮೈಯೆಲ್ಲ ಗುಳಿ. ಎಪ್ಪತ್ತು ವರ್ಷ ಎಷ್ಟೋ ಕೈ ಹಿಡಿದಿದ್ದ ಹಿಡಿಕೆ ಅದು. ಈಗಲೂ ಸಂಕಟ ಆಗುತ್ತದೆ.

ಇನ್ನು ಎಂಜಿನ್. ಇದರ ಪಿಸ್ಟನ್ನನ್ನು ಕ್ರ್ಯಾಂಕ್ ಅನ್ನುವ ತಿರುಗುವ ದಂಡಕ್ಕೆ ಜೋಡಿಸುವ ಕನೆಕ್ಟಿಂಗ್ ರಾಡ್‌ಗೆ ಈಗಿನ ಹಾಗೆ ಬಿಡಿ ಬೇರಿಂಗ್ ಇಲ್ಲ. ಬ್ಯಾಬಿಟ್ ಅನ್ನುವ ಮೆದು ಲೋಹವನ್ನು ರಾಡ್‌ಗೇ ಕರಗಿಸಿ ಹೊಯ್ದಿರುತ್ತಾರೆ. ಆ ಬೇರಿಂಗ್‌ಗಳಿಗೆ ಪಂಪಿನ ಒತ್ತಡದಿಂದ ಆಯಿಲ್ ಹೋಗೋದಿಲ್ಲ. ಪ್ರತಿ ರಾಡ್ ಕೆಳಗೆ ಚಮಚದಂಥ ಮೂತಿ ಇದೆ. ಅದು ಎಂಜಿನ್ ತಳದ ಆಯಿಲ್ ಪ್ಯಾನ್‌ನ ತೊಟ್ಟಿಯಿಂದ ಆಯಿಲ್ ಮೊಗೆದುಕೊಳ್ಳುತ್ತದೆ. ವೇಗ ಹೆಚ್ಚಿದಾಗ ಪಕ್ಕದ ನಳಿಕೆಯಿಂದ ಚಿಮ್ಮುವ ಧಾರೆಯನ್ನೇ ಎದುರಿಗೆ ಹಿಡಿಯುತ್ತದೆ. ಪ್ಯಾನ್ ಬಿಚ್ಚಿ ಮೊದಲ ಸಲ ನೋಡಿದಾಗ, ಬಾವಿಯಿಂದ ನೀರು ಸೇದುವುದನ್ನು ಕಂಡ ಹಾಗಾಯಿತು.

ಸವೆದ ಬೇರಿಂಗ್ ಸರಿಮಾಡಲು ಮೆಷಿನ್ ಬೇಡ. ರಾಡಿಗೂ ಅದರ ಕ್ಯಾಪಿಗೂ ನಡುವೆ ಸಂದು ಹೊಂದಿಸುವ, ಕಾಗದದಷ್ಟು ತೆಳು ತಗಡಿನ ಶಿಮ್‌ಗಳಿವೆ. ಕ್ಯಾಪ್ ಬಿಚ್ಚಿ, ಕ್ರ್ಯಾಂಕ್ ಮೇಲೆ ಅಳತೆಯ ಮೇಣದೆಳೆ ಇಟ್ಟು, ಮತ್ತೆ ಬಿಗಿ ಮಾಡಿ, ಬಿಚ್ಚಿ. ಎಳೆ ಎಷ್ಟಗಲ ಚಪ್ಪಟೆಯಾಗಿದೆ ಅಂತ ಅಳೆದರೆ ಸಂದು ಎಷ್ಟಿದೆ ಗೊತ್ತಾಗುತ್ತದೆ. ಜಾಸ್ತಿ ಇದ್ದರೆ ಎರಡೂ ಕಡೆಯಿಂದ ಒಂದೊಂದು ಶಿಮ್ ತೆಗೆಯೋದು. ಆರು ರಾಡಿಗೂ ಹೀಗೇ. ಗಾಡಿ ಕೆಳಗೆ ಮಲಗಿ ಎರಡು ದಿನ ಮಾಡಿದೆ, ಕುತ್ತಿಗೆ ಹಿಡಿದುಕೊಂಡಿತು. ಆದರೆ ಒಬ್ಬ ರೈತ ತನ್ನ ಕೊಟ್ಟಿಗೆಯಲ್ಲೇ ಎಂಜಿನ್ನಿನ ಹೊಟ್ಟೆ ಬಿಚ್ಚಿ ಸರಿಮಾಡಿಕೊಳ್ಳಬಹುದಿತ್ತು, ಅಲ್ವಾ? ಇದನ್ನು ಕಿತ್ತೆಸೆದು ವಿ8 ಹಾಕಲು ನನಗೆ ಮನಸ್ಸಾದರೂ ಹೇಗೆ ಬರಬೇಕು?

ಕರೆಂಟು 6 ವೋಲ್ಟ್, ಅದನ್ನೂ ಹಾಗೇ ಇಟ್ಟೆ. ಸ್ಟಾರ್ಟರ್ ಮಂದ ತಿರುಗುತ್ತಿದ್ದರೆ ತಪ್ಪು 6 ವೋಲ್ಟಿನದ್ದಲ್ಲ. ಯಾರೋ 12 ವೋಲ್ಟಿನ ಸಣ್ಣ ಕೇಬಲ್ ಹಾಕಿರುತ್ತಾರೆ. ಹೆಬ್ಬೆರಳ ದಪ್ಪದ ಕೇಬಲ್ ಹಾಕಿ, ಅರ್ಥಿಂಗ್ ಕೇಬಲ್ ಗಾಡಿಯ ಮೈಗೆ ಕೂರುವ ಜಾಗ ಬೆಳ್ಳಗಾಗುವಷ್ಟು ಉಜ್ಜಿ. ಬ್ರೇಕ್ ಮಾತ್ರ ಪೂರ್ತಿ ಹೊಸದು, ಪೈಪಿನ ಸಮೇತ. ಬ್ರೇಕ್ ಆಯಿಲ್ ಓಡಲು ಒಂದೇ ಸರ್ಕ್ಯೂಟ್ ಇರೋದು. ಎಲ್ಲಾದರೂ ಒಡೆದರೆ ನಾಲ್ಕು ಚಕ್ರಕ್ಕೂ ಬ್ರೇಕಿಲ್ಲ. ಇಲ್ಲಿ ಕಾಸು ಉಳಿಸಬೇಡಿ. ಬಣ್ಣ ಮೊದಲಿದ್ದ ಫಾರೆಸ್ಟರ್ ಗ್ರೀನೇ. ಹಿಂದಿನ ಹಲಗೆ ಪೈನ್ ಮರದ್ದು, ಕಪ್ಪು ಪೇಂಟ್. ಮೂಟೆ ಹಾಕೋ ಜಾಗಕ್ಕೆ ಪಾಲಿಶ್ ಯಾಕೆ?

ಹೊರಗೆ ತೆಗೆದದ್ದು ಮೇ ತಿಂಗಳಲ್ಲಿ, ಬೇಕಂತಲೇ. ಆಯಿಲ್ ಒತ್ತಡದ ಮೀಟರ್ 14ರ ಹತ್ತಿರ ನಿಂತಿತ್ತು. ಈಗಿನ ಗಾಡಿಯಾಗಿದ್ದರೆ ಎದೆ ಹೊಡೆದುಕೊಳ್ಳುತ್ತಿತ್ತು. ಇದರ ಮೀಟರ್ ಇರೋದೇ 30ರವರೆಗೆ, 14 ಅಂದರೆ ಆರೋಗ್ಯವಾಗಿದೆ ಅಂತ. 45 ಮೈಲಿ ವೇಗ ಅದಕ್ಕೆ ಹಿತ, ಅದಕ್ಕಿಂತ ಜಾಸ್ತಿ ನಾನು ಕೇಳೋದಿಲ್ಲ.

ವಾಪಸ್ ಬಂದು ದೊಡ್ಡಪ್ಪನಿಗೆ ವಿಡಿಯೊ ಕಾಲ್ ಮಾಡಿದೆ. ಬಾನೆಟ್ ಎತ್ತಿ ಫೋನ್ ಹತ್ತಿರ ಹಿಡಿದೆ. ಅವರು ಚಿತ್ರ ನೋಡಲಿಲ್ಲ, ಫೋನನ್ನು ಕಿವಿಗಿಟ್ಟುಕೊಂಡರು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಂದರು: “ಒಂದು ಟ್ಯಾಪೆಟ್ ಸಡ್ಲ ಐತೆ ಕಣ್ಲಾ. ಬಿಸಿ ಇದ್ದಂಗೇ ನೋಡು.”

ಟ್ಯಾಪೆಟ್ ಅಂದರೆ ವಾಲ್ವ್ ಒತ್ತುವ ಭಾಗ. ಎಂಜಿನ್ ಓಡುತ್ತಿರುವಾಗಲೇ ಕವರ್ ತೆಗೆದು, ಅದರ ಸಂದಿಗೆ ಗೇಜು ತೂರಿಸಿದೆ. ಇನ್‌ಟೇಕ್‌ಗೆ ಇರಬೇಕಾದ ಸಂದು ಇಂಚಿನ ಸಾವಿರದಲ್ಲಿ 6 ಭಾಗ, ಎಕ್ಸಾಸ್ಟ್‌ಗೆ 13. ಎರಡನೇ ಸಿಲಿಂಡರಿನ ಎಕ್ಸಾಸ್ಟ್ 18 ಇತ್ತು.