ಗೋಕರ್ಣಕ್ಕೆ ಹೊರಟವರು ಇದನ್ನೊಮ್ಮೆ ಓದಿ

ಮೂರು ದಿನ ರಜೆ ಸಾಲಾಗಿ ಬಂತಂದ್ರೆ ಎಲ್ಲರೂ ಗೋಕರ್ಣಕ್ಕೆ ಹೊರಡುತ್ತಾರೆ. ದಯವಿಟ್ಟು ಆ ಮೂರು ದಿನ ಬಿಡಿ. ಓಂ ಬೀಚ್ ಹತ್ತಿರ ಕಾರು ನಿಲ್ಲಿಸೋಕೆ ಜಾಗ ಸಿಗುವುದಿಲ್ಲ, ರೂಮಿನ ಬಾಡಿಗೆ ಜಾಸ್ತಿ, ಮಧ್ಯಾಹ್ನ ಊಟಕ್ಕೂ ಕಾಯಬೇಕು.

ಡಿಸೆಂಬರ್ ಅಥವಾ ಜನವರಿಯಲ್ಲಿ, ವಾರದ ಮಧ್ಯೆ ಹೋಗಿ. ಬೆಳಿಗ್ಗೆ ಆರೂವರೆಗೆ ಕುಡ್ಲೆ ಬೀಚಿನ ಮರಳಿನ ಮೇಲೆ ಏಡಿಗಳು ಉರುಳಿಸಿಟ್ಟ ಸಣ್ಣ ಸಣ್ಣ ಮಣ್ಣುಂಡೆ ಬಿಟ್ಟರೆ ಒಂದು ಹೆಜ್ಜೆ ಗುರುತೂ ಇರುವುದಿಲ್ಲ, ನನಗಂತೂ ಅಷ್ಟು ಸಾಕು. ಅಲ್ಲಿಂದ ಗುಡ್ಡದ ದಾರಿಯಲ್ಲಿ ಓಂ, ಹಾಫ್ ಮೂನ್, ಪ್ಯಾರಡೈಸ್ ಬೀಚ್‌ಗಳವರೆಗೆ ನಡೆಯಬಹುದು, ಆದರೆ ಕಲ್ಲು ಜಾರುತ್ತದೆ, ಸುಮ್ನೆ ಹವಾಯಿ ಚಪ್ಪಲಿ ಹಾಕಿಕೊಂಡು ಹೊರಡಬೇಡಿ. ನೀರು ಜೊತೆಗಿರಲಿ, ಕತ್ತಲಾಗುವ ಮೊದಲೇ ವಾಪಸ್ ಬನ್ನಿ.

ಸಮುದ್ರದ ವಿಷಯ ಮಾತ್ರ ಹಗುರವಾಗಿ ತಗೋಬೇಡಿ. ಮೇಲೆ ಶಾಂತವಾಗಿ ಕಂಡರೂ ಒಳಗೆ ಸೆಳೆತ ಇರುತ್ತದೆ, ಈಜು ಬರುವವರೂ ಮುಳುಗಿದ್ದಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿಗೆ ಇಳಿಯಲೇಬೇಡಿ. ಬಂಡೆ ಮೇಲೆ ನಿಂತು ಫೋಟೋ ತೆಗೆಯುವುದೂ ಬೇಡ. ಜೀವರಕ್ಷಕರು ಸೀಟಿ ಊದಿದರೆ ಕೂಡಲೇ ದಡಕ್ಕೆ ಬನ್ನಿ.

ಮಹಾಬಲೇಶ್ವರ ದೇವಸ್ಥಾನಕ್ಕೆ ಹೋಗುವವರು ಪಂಚೆ, ಸೀರೆ ಇಟ್ಟುಕೊಳ್ಳಿ. ಗಂಡಸರು ಅಂಗಿ ತೆಗೆಯಬೇಕು. ರೈಲಿನಲ್ಲಿ ಬಂದರೆ ಗೋಕರ್ಣ ರೋಡ್ ಸ್ಟೇಷನ್ ಊರಿನಿಂದ ದೂರ ಇದೆ, ರಾತ್ರಿ ಇಳಿಯುವುದಾದರೆ ಆಟೋಗೆ ಮೊದಲೇ ಹೇಳಿಟ್ಟಿರಿ.

ಮೇ ತಿಂಗಳ ಸೆಕೆ ತಡೆಯುವವರಿಗೆ ಒಂದು ಲಾಭ ಇದೆ, ಅಂಕೋಲೆಯ ಕರಿ ಇಶಾಡು ಮಾವು ಆಗ ಸಿಗುತ್ತದೆ. ಒಂದು ಡಜನ್ ತನ್ನಿ. ಮತ್ತೆ ನಿಮ್ಮ ಪ್ಲಾಸ್ಟಿಕ್ ಬಾಟಲಿಯನ್ನೂ ವಾಪಸ್ ತನ್ನಿ, ಪ್ಯಾರಡೈಸ್‌ನ ಬಂಡೆ ಸಂದಿಯಲ್ಲಿ ಅವು ಸಿಕ್ಕಿಕೊಂಡಿರುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.