ಆ್ಯಕ್ಷನ್ ಫಿಗರ್‌ಗಳನ್ನು ನಾನು ಪರೀಕ್ಷಿಸುವ ಬಗೆ

ಹೊಸ ಆ್ಯಕ್ಷನ್ ಫಿಗರ್, ಅಂದರೆ ಕೈಕಾಲುಗಳನ್ನು ಬಾಗಿಸಬಹುದಾದ ಪ್ಲಾಸ್ಟಿಕ್ ಗೊಂಬೆ, ಕೈಗೆ ಬಂದಾಗ ನಾನು ಮೊದಲು ಮುಟ್ಟುವುದು ಅದರ ಕಾಲಿನ ಹರಡನ್ನು. ಪಾದವನ್ನು ಎರಡು ಬೆರಳುಗಳ ನಡುವೆ ಹಿಡಿದು ಹಿಂದಕ್ಕೂ ಮುಂದಕ್ಕೂ, ಆಮೇಲೆ ಎಡಕ್ಕೂ ಬಲಕ್ಕೂ ಮೆಲ್ಲಗೆ ಬಾಗಿಸುತ್ತೇನೆ. ಕೀಲು ಸಣ್ಣದೊಂದು ಬಿಗುವಿನಿಂದ, ಜಾರದೆ, ಬಿಟ್ಟ ಜಾಗದಲ್ಲೇ ನಿಂತರೆ ಆ ಫಿಗರ್ ಬಗ್ಗೆ ನನಗೆ ಅರ್ಧ ಭರವಸೆ ಬಂದಂತೆ. ಇಡೀ ಮೈಭಾರ ಬೀಳುವುದು ಆ ಎರಡು ಪುಟ್ಟ ಕೀಲುಗಳ ಮೇಲೆ; ಅವು ಸಡಿಲವಾಗಿದ್ದರೆ ಮುಖದ ಕೆತ್ತನೆ ಎಷ್ಟೇ ಚೆನ್ನಾಗಿದ್ದರೂ ಒಂದು ದಿನ ಅದು ಮುಗ್ಗರಿಸುತ್ತದೆ, ಬೀಳುವಾಗ ಸಾಲಿನಲ್ಲಿದ್ದ ಇನ್ನೂ ನಾಲ್ಕನ್ನು ಕೆಡವಿಕೊಂಡೇ ಬೀಳುತ್ತದೆ. ಈ ಅಭ್ಯಾಸ ನನಗೆ ಮೊದಲಿನಿಂದ ಇದ್ದದ್ದಲ್ಲ. ಸಂಗ್ರಹ ಆರಂಭಿಸಿದ ವರ್ಷಗಳಲ್ಲಿ ಪೆಟ್ಟಿಗೆಯ ಮೇಲಿನ ಚಿತ್ರ, ಪಾತ್ರದ ಹೆಸರು, ‘ಇದು ಮತ್ತೆ ಸಿಗುವುದು ಕಷ್ಟ’ ಎಂಬ ಮಾತು ಇವನ್ನೇ ನಂಬಿ ಕೊಳ್ಳುತ್ತಿದ್ದೆ. ಕೀಲು, ಪ್ಲಾಸ್ಟಿಕ್, ಬಣ್ಣ ಇವುಗಳನ್ನು ಓದಲು ಕಲಿತದ್ದು ಆಮೇಲೆ, ಕೆಲವು ತಪ್ಪುಗಳಾದ ಮೇಲೆ.

ಕೀಲಿಗೆ ನಾನು ಇಷ್ಟು ಮಹತ್ವ ಕೊಡುವುದಕ್ಕೆ ಈ ವಸ್ತುವಿನ ಚರಿತ್ರೆಯೂ ಒಂದು ಕಾರಣ. 1964ರಲ್ಲಿ ಹ್ಯಾಸ್ಬ್ರೊ ಕಂಪನಿ 12 ಇಂಚು ಎತ್ತರದ ಜಿ.ಐ. ಜೋ ಸೈನಿಕನನ್ನು ಮಾರುಕಟ್ಟೆಗೆ ತಂದಾಗ, ‘ಗೊಂಬೆ’ ಎಂದರೆ ಹುಡುಗರು ಮುಟ್ಟಲಿಕ್ಕಿಲ್ಲವೆಂಬ ಅಳುಕಿನಿಂದ ಅದನ್ನು ‘ಆ್ಯಕ್ಷನ್ ಫಿಗರ್’ ಎಂಬ ಹೊಸ ಹೆಸರಿನಿಂದ ಕರೆಯಿತು. ಆ ಸೈನಿಕನ ಹೆಗ್ಗಳಿಕೆಯೇ ಅವನ ಮೈಯಲ್ಲಿದ್ದ 21 ಚಲಿಸುವ ಭಾಗಗಳು. 1978ರಲ್ಲಿ ಕೆನ್ನರ್ ಕಂಪನಿ ಸ್ಟಾರ್ ವಾರ್ಸ್ ಸಿನಿಮಾದ ಪಾತ್ರಗಳನ್ನು ಮೂರೂಮುಕ್ಕಾಲು ಇಂಚಿನಲ್ಲಿ ತಂದಾಗ ಹೆಚ್ಚಿನವುಗಳಲ್ಲಿ ಕೀಲುಗಳು ಐದೇ ಇದ್ದವು: ಕತ್ತು, ಎರಡು ಭುಜ, ಎರಡು ತೊಡೆಸಂದು. ಅಷ್ಟು ಚಿಕ್ಕದು ಮಾಡಿದ್ದರಿಂದಲೇ ಅವು ಒಳಗೆ ಕೂರಬಲ್ಲ ವಾಹನಗಳನ್ನು ಮಕ್ಕಳು ಎತ್ತಿ ಆಡುವ ಗಾತ್ರದಲ್ಲಿ ತಯಾರಿಸಲು ಸಾಧ್ಯವಾಯಿತು. 1982ರಲ್ಲಿ ಜಿ.ಐ. ಜೋ ಕೂಡ ಅದೇ ಅಳತೆಗೆ ಇಳಿದ, ಆದರೆ ಮೊಣಕೈ, ಮೊಣಕಾಲು, ಸೊಂಟಗಳನ್ನು ಬಾಗಿಸುವ ಶಕ್ತಿಯನ್ನು ಬಿಟ್ಟುಕೊಡದೆ ಇಳಿದ. ಹಳೆಯ ಫಿಗರನ್ನು ಇಂದಿನದರ ಪಕ್ಕದಲ್ಲಿಟ್ಟು ‘ಇದಕ್ಕೆ ಕೀಲೇ ಇಲ್ಲ’ ಎನ್ನುವುದು ನ್ಯಾಯವಲ್ಲ. ಐದು ಕೀಲಿನದನ್ನು ಐದು ಕೀಲಿನವುಗಳ ಜೊತೆಗೇ ತೂಗಬೇಕು.

ಅಳತೆಯ ವಿಷಯದಲ್ಲಿ ನಾನು ಬೇಗ ಒಂದು ತೀರ್ಮಾನಕ್ಕೆ ಬಂದೆ. ಮೂರೂಮುಕ್ಕಾಲು ಇಂಚಿನವು ಸರಿಸುಮಾರು 1:18 ಪ್ರಮಾಣದವು, ಆರಿಂಚಿನವು 1:12, ಹನ್ನೆರಡು ಇಂಚಿನವು 1:6. ನನ್ನ ಮುಖ್ಯ ಸಂಗ್ರಹ 1:12ರದ್ದು. ಹಳೆಯ ಕಾಲದ ಚಿಕ್ಕವುಗಳಿಗೆ ಒಂದು ಪ್ರತ್ಯೇಕ ಅರೆ ಮಾತ್ರ ಇದೆ. ಪ್ರಮಾಣವನ್ನು ಪೆಟ್ಟಿಗೆಯ ಮೇಲೆ ಬರೆದದ್ದರಿಂದ ಒಪ್ಪಿಕೊಳ್ಳದೆ ಅಳತೆಪಟ್ಟಿ ಇಟ್ಟೇ ನೋಡುತ್ತೇನೆ. ಕಥೆಯಲ್ಲಿ 180 ಸೆಂಟಿಮೀಟರ್ ಎತ್ತರವಿರುವ ಪಾತ್ರ ಇಲ್ಲಿ 15 ಸೆಂಟಿಮೀಟರ್ ಇರಬೇಕು, 156 ಇರುವವಳು 13ಕ್ಕೆ ನಿಲ್ಲಬೇಕು. ಒಂದೇ ಅಚ್ಚಿನ ದೇಹಕ್ಕೆ ಬೇರೆ ಬೇರೆ ತಲೆ ಜೋಡಿಸಿ ಹಲವು ಪಾತ್ರಗಳನ್ನು ಮಾಡುವುದು ಈ ಉದ್ಯಮದ ರೂಢಿ. ಅಚ್ಚು ತಯಾರಿಕೆಯೇ ದೊಡ್ಡ ಖರ್ಚಾದ್ದರಿಂದ ಅದನ್ನು ತಪ್ಪೆನ್ನಲಾರೆ, ಆದರೆ ಕುಳ್ಳ ಪಾತ್ರಕ್ಕೆ ಎತ್ತರದ ಮೈ ಬಂದಿದ್ದರೆ ಅದನ್ನು ಕೊರತೆ ಎಂದೇ ಬರೆದುಕೊಳ್ಳುತ್ತೇನೆ.

ಕೀಲುಗಳ ಸಂಖ್ಯೆ ಎಣಿಸುವುದನ್ನು ನಾನು ಬಹಳ ಹಿಂದೆಯೇ ಬಿಟ್ಟೆ, ಏಕೆಂದರೆ ಮೂವತ್ತು ಕೀಲುಗಳಿದ್ದೂ ಸರಿಯಾಗಿ ಕೂರಲಾರದ ಫಿಗರ್‌ಗಳನ್ನು ಕಂಡಿದ್ದೇನೆ. ಅದರ ಬದಲು ಐದು ಭಂಗಿಗಳನ್ನು ಮಾಡಿಸುತ್ತೇನೆ. ಆಸರೆಯಿಲ್ಲದೆ ಒಂಟಿಕಾಲಿನಲ್ಲಿ ನಿಲ್ಲುವುದು, ಒಂದು ಮೊಣಕಾಲೂರಿ ಕೂರುವುದು, ಕುರ್ಚಿಯಲ್ಲೆಂಬಂತೆ ತೊಡೆಗಳನ್ನು ಸಮತಟ್ಟಾಗಿ ಚಾಚುವುದು, ತಲೆಯೆತ್ತಿ ಮೇಲೆ ನೋಡುವುದು, ಎರಡೂ ಕೈಗಳಿಂದ ಒಂದೇ ಕತ್ತಿಯ ಹಿಡಿಯನ್ನು ಹಿಡಿಯುವುದು. ಕೊನೆಯದು ಅತ್ಯಂತ ಕಠಿಣವಾದ ಪರೀಕ್ಷೆ. ಎರಡು ಕೈಗಳೂ ಎದೆಯ ಮುಂದೆ ಸೇರಬೇಕಾದರೆ ಭುಜವೇ ಒಳಮುಖವಾಗಿ ಮಡಚಿಕೊಳ್ಳಬೇಕು. ಸಂಗ್ರಾಹಕರು ‘ಬಟರ್‌ಫ್ಲೈ ಕೀಲು’ ಎನ್ನುವುದು ಇದನ್ನೇ. ಅದಿಲ್ಲದ ಫಿಗರ್ ಕತ್ತಿ ಹಿಡಿದರೂ ಯೋಧನಂತೆ ಕಾಣುವುದಿಲ್ಲ. ಮೊಣಕಾಲೂರುವುದಕ್ಕೆ ಮಂಡಿಯಲ್ಲಿ ಜೋಡಿ ಕೀಲು ಬೇಕು, ಮೇಲೆ ನೋಡುವುದಕ್ಕೆ ಹಿಂದಲೆಯ ಕೂದಲು ಬೆನ್ನಿಗೆ ತಾಗದಂತೆ ಕೆತ್ತಿರಬೇಕು. 2008ರಲ್ಲಿ ಆರಂಭವಾದ ಜಪಾನಿನ ಫಿಗ್ಮಾ ಮತ್ತು ಎಸ್.ಎಚ್. ಫಿಗುಆರ್ಟ್ಸ್ ಸರಣಿಗಳನ್ನು ನಾನು ಮೆಚ್ಚುವುದು ಈ ಕಾರಣಕ್ಕೆ: ಅಲ್ಲಿ ಭಂಗಿಯನ್ನು ಮೊದಲು ಯೋಚಿಸಿ, ಕೀಲು ಎಲ್ಲಿ ಬರಬೇಕೆಂಬುದನ್ನು ಅದರಿಂದ ನಿರ್ಧರಿಸಿದಂತೆ ಕಾಣುತ್ತದೆ. ಬದಲಿ ಅಂಗೈಗಳ ಗೊಂಚಲೊಂದನ್ನು ಜೊತೆಗೆ ಕೊಡುವುದೂ ಅದೇ ಯೋಚನೆಯ ಮುಂದುವರಿಕೆ.

ಬಣ್ಣದ ಪರೀಕ್ಷೆಗೆ ಹತ್ತು ಪಟ್ಟು ಹಿಗ್ಗಿಸುವ ಒಂದು ಕೈಮಸೂರವನ್ನು ಇಟ್ಟುಕೊಂಡಿದ್ದೇನೆ. ಇತ್ತೀಚಿನ ಫಿಗರ್‌ಗಳ ಕಣ್ಣು, ಹುಬ್ಬು, ತುಟಿಗಳನ್ನು ಕುಂಚದಿಂದ ಬರೆಯದೆ ಡಿಜಿಟಲ್ ಮುದ್ರಣದಿಂದ ಮೂಡಿಸಿರುತ್ತಾರೆ. ಮಸೂರದಡಿ ನೋಡಿದರೆ ಹುಬ್ಬಿನ ಗೆರೆ ಒಡೆದು ಕಂದು, ಕೆಂಪು, ಕಪ್ಪು ಚುಕ್ಕೆಗಳ ಪುಡಿಯಾಗಿ ಕಾಣುತ್ತದೆ, ಒಂದು ಗೇಣು ದೂರಕ್ಕೆ ಸರಿಸಿದರೆ ಮತ್ತೆ ಜೀವಂತ ಹುಬ್ಬಾಗುತ್ತದೆ. ಈ ಮುದ್ರಣ ಅರ್ಧ ಮಿಲಿಮೀಟರ್ ಆಚೀಚೆ ಸರಿದರೂ ಕಣ್ಣಿನ ಬಣ್ಣ ಕೆತ್ತಿದ ರೆಪ್ಪೆಯನ್ನು ದಾಟಿ ಕೆನ್ನೆಗೆ ಇಳಿಯುತ್ತದೆ, ನೋಟ ಮೆಳ್ಳಗಣ್ಣಾಗುತ್ತದೆ. ಒಂದೇ ಫಿಗರಿನ ನಾಲ್ಕೈದು ಪ್ರತಿಗಳು ಎದುರಿಗಿದ್ದಾಗ ಮುಖಗಳನ್ನು ಸಾಲಾಗಿ ಹೋಲಿಸಿಯೇ ಒಂದನ್ನು ಆರಿಸಬೇಕು. ಅವು ಒಂದೇ ಅಲ್ಲವೆಂಬುದು ಹಾಗೆ ಹೋಲಿಸಿದಾಗಲೇ ತಿಳಿಯುತ್ತದೆ.

ನನ್ನ ದೊಡ್ಡ ತಪ್ಪು ಆದದ್ದು ಹಳೆಯ ಫಿಗರಿನಲ್ಲಿ. ಕೆನ್ನರ್ ಕಾಲದ ಒಬ್ಬ ಸ್ಟಾರ್ಮ್‌ಟ್ರೂಪರನ್ನು (ಸ್ಟಾರ್ ವಾರ್ಸ್‌ನ ಬಿಳಿ ಕವಚದ ಸೈನಿಕ), ಅವನ ಬಂದೂಕಿನ ಸಮೇತ, ‘ಎಲ್ಲವೂ ಅಸಲಿ’ ಎಂಬ ಮಾತಿನ ಮೇಲೆ ಕೊಂಡಿದ್ದೆ. ಕಾಲಿನ ಹಿಂಬದಿಯಲ್ಲಿ 1977 ಎಂದು ಅಚ್ಚಾಗಿತ್ತು, ಅದನ್ನು ನೋಡಿ ಹಿಗ್ಗಿದೆ. ಅಲ್ಲಿ ಕಾಣುವುದು ಹಕ್ಕುಸ್ವಾಮ್ಯದ ವರ್ಷ, ತಯಾರಾದ ವರ್ಷವಲ್ಲ. ವರ್ಷಗಳ ನಂತರ ಮಾರಾಟವಾದ ಪ್ರತಿಗಳಲ್ಲೂ ಅದೇ ಅಂಕಿ ಇರುತ್ತದೆ ಎಂಬುದು ಆಗ ಗೊತ್ತಿರಲಿಲ್ಲ. ಅದು ಸಣ್ಣ ವಿಷಯ. ಬಂದೂಕಿನದು ದೊಡ್ಡದು. ತಿಂಗಳುಗಳ ನಂತರ ಸ್ನೇಹಿತರೊಬ್ಬರ ಬಳಿಯಿದ್ದ, ಮಾರಾಟದ ಮೂಲ ರಟ್ಟಿನ ಕಾರ್ಡಿನಿಂದ ಅವರೇ ಬಿಡಿಸಿದ್ದ ಬಂದೂಕಿನ ಪಕ್ಕದಲ್ಲಿ ನನ್ನದನ್ನಿಟ್ಟಾಗ ಮಾತೇ ಬೇಕಾಗಲಿಲ್ಲ. ನನ್ನದು ಹೆಚ್ಚು ಹೊಳೆಯುತ್ತಿತ್ತು, ಅಂಚುಗಳು ಕರಗಿದ ಬೆಲ್ಲದಂತೆ ದುಂಡಗಾಗಿದ್ದವು, ಅಚ್ಚಿನ ಎರಡು ಹೋಳುಗಳು ಸೇರುವ ಗೆರೆ ಉಗುರಿಗೆ ಸಿಗುವಷ್ಟು ದಪ್ಪಗಿತ್ತು, ಉದ್ದದಲ್ಲಿಯೂ ಕೂದಲೆಳೆಯಷ್ಟು ಕಡಿಮೆಯಿತ್ತು. ಅಸಲಿಯಿಂದಲೇ ಅಚ್ಚು ತೆಗೆದು ಮರು ಎರಕ ಹೊಯ್ದಾಗ ವಸ್ತು ತಣಿಯುತ್ತ ತುಸು ಕುಗ್ಗುವುದರಿಂದ ಈ ವ್ಯತ್ಯಾಸ ಬರುತ್ತದೆ.

ಅಂದಿನಿಂದ ಫಿಗರನ್ನೂ ಅದರ ಆಯುಧವನ್ನೂ ಎರಡು ಬೇರೆ ವಸ್ತುಗಳೆಂದೇ ಪರೀಕ್ಷಿಸುತ್ತೇನೆ. ಅಸಲಿ ಆಯುಧ ನೀರಿನಲ್ಲಿ ತೇಲುತ್ತದೆ, ನಕಲಿ ಮುಳುಗುತ್ತದೆ ಎಂಬ ಮಾತು ಸಂಗ್ರಾಹಕರ ಬಾಯಲ್ಲಿ ಹಳೆಯದು, ಆದರೆ ತೇಲುವ ನಕಲಿಗಳೂ ಇರುವುದರಿಂದ ಅದೊಂದನ್ನೇ ನಾನು ನಂಬುವುದಿಲ್ಲ. ಅಸಲಿಯೆಂದು ಖಚಿತವಾಗಿ ಗೊತ್ತಿರುವ ಒಂದನ್ನು ಪಕ್ಕದಲ್ಲಿಟ್ಟು ನೋಡುವುದಕ್ಕಿಂತ ಉತ್ತಮ ದಾರಿ ನನಗೆ ಇನ್ನೂ ಸಿಕ್ಕಿಲ್ಲ. ಇದೇ ಸಾಲಿನ ಜಾವಾ ಎಂಬ ಪುಟ್ಟ ಪಾತ್ರ ಮೊದಲು ವಿನೈಲ್ ಮೇಲಂಗಿಯೊಂದಿಗೆ ಬಂದು, ಬೇಗನೆ ಬಟ್ಟೆಯ ಮೇಲಂಗಿಗೆ ಬದಲಾಯಿತು. ವಿನೈಲ್ ಮೇಲಂಗಿಯದು ವಿರಳವಾದ್ದರಿಂದ, ಬೇರೆ ಪಾತ್ರದ ದೊಡ್ಡ ಮೇಲಂಗಿಯನ್ನು ಕತ್ತರಿಸಿ ಇದಕ್ಕೆ ತೊಡಿಸಿ ಮಾರುವವರೂ ಇದ್ದಾರೆ. ಅಂಥದ್ದೊಂದು ಎದುರಿಗೆ ಬಂದರೆ ನಾನು ನೋಡುವುದು ಅಂಚನ್ನು: ಅದು ಕಾರ್ಖಾನೆಯಲ್ಲಿ ಕತ್ತರಿಸಿದ್ದೋ, ಕೈಕತ್ತರಿ ಆಡಿಸಿದ್ದೋ ಎಂಬುದನ್ನು.

ರಿಪೇರಿ ಮಾಡಿದ ಫಿಗರನ್ನು ಕಡಿಮೆ ದರ್ಜೆಯದೆಂದು ನಾನು ಭಾವಿಸುವುದಿಲ್ಲ, ಮಾಡಿದ್ದನ್ನು ಹೇಳಿದ್ದರೆ ಸಾಕು. 1980ರ ದಶಕದ ಜಿ.ಐ. ಜೋ ಒಬ್ಬನ ಕಾಲುಗಳು ಸೊಂಟದಿಂದ ಜೋತುಬಿದ್ದ ಸ್ಥಿತಿಯಲ್ಲಿ ನನಗೆ ಸಿಕ್ಕಿದ್ದವು. ಆ ಸರಣಿಯಲ್ಲಿ ಮುಂಡವನ್ನೂ ಕಾಲುಗಳನ್ನೂ ಹಿಡಿದಿಡುವುದು ಒಳಗಿರುವ ಒಂದು ರಬ್ಬರ್ ಉಂಗುರ, ಅಂದರೆ ಓ-ರಿಂಗ್. ಬೆನ್ನಿನ ಒಂದೇ ಸ್ಕ್ರೂ ಬಿಚ್ಚಿದಾಗ ಎದೆ ಮತ್ತು ಬೆನ್ನು ಎರಡು ಚಿಪ್ಪುಗಳಾಗಿ ಬೇರ್ಪಟ್ಟವು. ಒಳಗಿನ ಉಂಗುರ ಒಣಗಿ ಗಟ್ಟಿಯಾಗಿತ್ತು, ಚಿಮಟದಿಂದ ಎತ್ತಿದ ಕೂಡಲೇ ಸುಟ್ಟ ನೂಲಿನಂತೆ ಮೂರು ತುಂಡಾಯಿತು. ಹೊಸ ಉಂಗುರವನ್ನು ಕಾಲುಗಳ ನಡುವಿನ ಲೋಹದ ಕೊಕ್ಕೆಗೆ ಸಿಕ್ಕಿಸಿ, ಸೊಂಟದ ತುಂಡಿನ ಮೂಲಕ ಮೇಲೆಳೆದು, ಮುಂಡದೊಳಗಿನ ಗೂಟಕ್ಕೆ ತೊಡಿಸಿ ಚಿಪ್ಪುಗಳನ್ನು ಮುಚ್ಚಿದೆ. ಮೊದಲು ಹಾಕಿದ್ದು ತುಸು ಚಿಕ್ಕದಾಗಿ ಬಿಗಿಯಾಯಿತು. ಹಾಗೇ ಬಿಟ್ಟಿದ್ದರೆ ಆ ಸೆಳೆತಕ್ಕೆ ಸೊಂಟದ ಕೆಳಗಿನ ತೆಳುವಾದ ಭಾಗ ಮುರಿಯುತ್ತಿತ್ತು, ಈ ಫಿಗರ್‌ಗಳು ಅಲ್ಲಿಯೇ ಹೆಚ್ಚಾಗಿ ಮುರಿಯುವುದು. ಇನ್ನೊಂದು ಬಲಹೀನ ಜಾಗ ಹೆಬ್ಬೆರಳು. ಆದ್ದರಿಂದ ಮತ್ತೆ ಬಿಚ್ಚಿ ಸರಿಯಾದ ಅಳತೆಯದನ್ನು ಹಾಕಿದೆ. ಸೊಂಟ ತಿರುಗಿಸಿದಾಗ ಅವನು ಮೆಲ್ಲಗೆ ತನ್ನ ಮೊದಲಿನ ಜಾಗಕ್ಕೆ ಮರಳಿದ್ದನ್ನು ನೋಡಿ ಆದ ಸಂತೋಷ ಇಂದಿಗೂ ನೆನಪಿದೆ.

ಹೊಸ ಫಿಗರಿನ ಕೀಲು ಅಲುಗದಿದ್ದರೆ ಬಲ ಹಾಕಬಾರದು. ಕೀಲಿನ ಸಂದಿಗೆ ಇಳಿದ ಬಣ್ಣ ಅಲ್ಲಿ ಅಂಟಿನಂತೆ ಕಚ್ಚಿಕೊಂಡಿರುತ್ತದೆ, ತಿರುಚಿದರೆ ಒಳಗಿನ ಕಡ್ಡಿಯೇ ಮುರಿಯುತ್ತದೆ. ಕೈಗೆ ತಾಳದಷ್ಟು ಬಿಸಿಯಾದ, ಆದರೆ ಕುದಿಯದ ನೀರಿನಲ್ಲಿ ಒಂದು ನಿಮಿಷ ಅದ್ದಿ, ಕೀಲಿನ ಎರಡೂ ಪಕ್ಕಗಳನ್ನು ಹತ್ತಿರದಿಂದ ಹಿಡಿದು ಅಲುಗಿಸಿದರೆ ಸಾಮಾನ್ಯವಾಗಿ ಬಿಡುತ್ತದೆ. ಪ್ಲಾಸ್ಟಿಕ್ಕಿನ ಮೇಲೆ ಬಿಳಿಯ ಗೆರೆ ಮೂಡಲಾರಂಭಿಸಿದರೆ ಅದು ಬಿರುಕಿನ ಮುನ್ಸೂಚನೆ, ಅಲ್ಲಿಗೇ ನಿಲ್ಲಿಸುತ್ತೇನೆ. ಬಾಗಿಹೋದ ಕತ್ತಿಗಳನ್ನೂ ಹೀಗೆಯೇ ಬಿಸಿನೀರಿನಲ್ಲಿ ನೇರ ಮಾಡಿ, ತಕ್ಷಣ ತಣ್ಣೀರಿನಲ್ಲಿ ಅದ್ದುತ್ತೇನೆ. ಎಣ್ಣೆ ಬೇಕೇ ಆದರೆ ಸಿಲಿಕೋನ್ ಎಣ್ಣೆ ಮಾತ್ರ, ಏಕೆಂದರೆ ಪೆಟ್ರೋಲಿಯಂ ಎಣ್ಣೆಗಳು ಕೆಲವು ಪ್ಲಾಸ್ಟಿಕ್‌ಗಳಲ್ಲಿ ಬಿರುಕು ತರಿಸುತ್ತವೆ.

ಸಂಗ್ರಹವನ್ನು ಉಳಿಸಿಕೊಳ್ಳುವ ಪ್ರಶ್ನೆ ಕೊನೆಗೆ ಪ್ಲಾಸ್ಟಿಕ್ಕಿನ ರಸಾಯನಶಾಸ್ತ್ರಕ್ಕೇ ಬಂದು ನಿಲ್ಲುತ್ತದೆ. ಮೆದುವಾದ ಭಾಗಗಳು ಹೆಚ್ಚಾಗಿ ಪಿವಿಸಿ ಎಂಬ ಪ್ಲಾಸ್ಟಿಕ್, ಗಟ್ಟಿಯಾದವು ಎಬಿಎಸ್ ಎಂಬುದು. ಪಿವಿಸಿಯನ್ನು ಮೆದು ಮಾಡಲು ಬೆರೆಸಿದ ಪ್ಲಾಸ್ಟಿಸೈಸರ್ ವರ್ಷಗಳು ಕಳೆದಂತೆ ಮೇಲ್ಮೈಗೆ ಒಸರುತ್ತದೆ. ಮುಟ್ಟಿದರೆ ಜಿಗುಟು, ಅದರ ಮೇಲೆ ಧೂಳಿನ ಪದರ. ಮೊದಲ ಬಾರಿ ಇದನ್ನು ಕಂಡಾಗ ಯಾರೋ ಏನೋ ಚೆಲ್ಲಿದ್ದಾರೆಂದು ತಿಳಿದಿದ್ದೆ. ಉಗುರುಬೆಚ್ಚಗಿನ ನೀರು, ಸೌಮ್ಯವಾದ ಸಾಬೂನು, ಮೆತ್ತನೆಯ ಬ್ರಷ್ಷು ಇವುಗಳಿಂದ ತೊಳೆದರೆ ಹೋಗುತ್ತದೆ, ಕೆಲವು ತಿಂಗಳಿಗೆ ಮತ್ತೆ ಬರುತ್ತದೆ. ಗಾಳಿಯಾಡದ ಚೀಲದಲ್ಲಿ ಮುಚ್ಚಿಟ್ಟರೆ ಒಸರಿದ್ದು ಅಲ್ಲಿಯೇ ನಿಂತು ಸ್ಥಿತಿ ಹದಗೆಡುತ್ತದೆ. ಮೆದು ವಿನೈಲ್ ಮೇಲಂಗಿಯೊಂದು ಗಟ್ಟಿ ಪ್ಲಾಸ್ಟಿಕ್ ಪೀಠಕ್ಕೆ ವರ್ಷವಿಡೀ ತಾಗಿಕೊಂಡಿದ್ದು, ತಾಗಿದ ಜಾಗ ಕರಗಿ ಗುಳಿಬಿದ್ದದ್ದನ್ನು ನೋಡಿದ ಮೇಲೆ, ಮೆದು ಭಾಗಗಳು ಗಟ್ಟಿ ಭಾಗಗಳಿಗೆ ತಾಗದಂತೆ ಇಡುವುದನ್ನೂ ಬಿಡಿಭಾಗಗಳಿಗೆ ಪಾಲಿಪ್ರೊಪಿಲೀನ್ ಚೀಲಗಳನ್ನೇ ಬಳಸುವುದನ್ನೂ ರೂಢಿ ಮಾಡಿಕೊಂಡೆ. ಬಿಳಿ ಪ್ಲಾಸ್ಟಿಕ್ ಹಳದಿಯಾಗುವುದು ಮತ್ತೊಂದು ಕಾಟ. ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಬಿಸಿಲಿನ ಸಹಾಯದಿಂದ ಒಮ್ಮೆ ಬಿಳುಪು ಮರಳಿಸಿದ್ದೆ, ಆದರೆ ಹಳದಿ ಮತ್ತೆ ಬಂತು. ಈಗ ಕಿಟಕಿಯ ಬೆಳಕು ನೇರವಾಗಿ ಬೀಳದಂತೆ ನೋಡಿಕೊಳ್ಳುವುದರಲ್ಲೇ ನನ್ನ ಶ್ರಮವಿದೆ.

ಬಿಚ್ಚದ ಪೆಟ್ಟಿಗೆಗಳ ಬಗ್ಗೆ ನನ್ನ ಮಾತು ಚಿಕ್ಕದು. ಆ್ಯಕ್ಷನ್ ಫಿಗರ್ ಅಥಾರಿಟಿಯಂಥ ಸಂಸ್ಥೆಗಳು 100ರ ಮಾಪಕದಲ್ಲಿ ದರ್ಜೆ ಕೊಟ್ಟು, ಅಕ್ರಿಲಿಕ್ ಪೆಟ್ಟಿಗೆಯಲ್ಲಿ ಮುದ್ರೆ ಹಾಕಿ ಕಳುಹಿಸುತ್ತವೆ. ಕಾರ್ಡಿನ ಮೂಲೆ ಮಡಚಿದೆಯೇ, ತೂಗುಹಾಕುವ ರಂಧ್ರವನ್ನು ಒತ್ತಿ ತೆಗೆದಿದ್ದಾರೆಯೇ, ಫಿಗರನ್ನು ಮುಚ್ಚಿರುವ ಪಾರದರ್ಶಕ ಪ್ಲಾಸ್ಟಿಕ್ ಗುಳ್ಳೆ ಹಳದಿಯಾಗಿದೆಯೇ, ಕಾರ್ಡಿನಿಂದ ಎದ್ದಿದೆಯೇ ಎಂಬುದನ್ನು ಅವರು ನೋಡುವ ಶಿಸ್ತಿನಿಂದ ನಾನು ಕಲಿತಿದ್ದೇನೆ. ಆದರೂ ಗುಳ್ಳೆಯೊಳಗಿನ ಹರಡನ್ನು ಯಾರೂ ಬಾಗಿಸಿ ನೋಡಲಾರರು. ನನ್ನ ಬಳಿ ಬಿಚ್ಚದೆ ಉಳಿದಿರುವುದು ಎರಡೇ ಎರಡು, ಅವೂ ಕಾರ್ಡಿನ ಮೇಲಿನ ಚಿತ್ರಕ್ಕಾಗಿ.

ಪ್ರತಿಯೊಂದು ಫಿಗರಿಗೂ ನೋಟುಪುಸ್ತಕದಲ್ಲಿ ಒಂದು ಪುಟ ಮೀಸಲಿದೆ: ಬಂದ ದಿನ, ಅಳೆದ ಎತ್ತರ, ಐದು ಭಂಗಿಗಳಲ್ಲಿ ಯಾವುದು ಆಗಲಿಲ್ಲ, ಯಾವ ಬಿಡಿಭಾಗ ಅಸಲಿ, ಯಾವುದು ಅನುಮಾನದ್ದು, ಏನನ್ನು ಬದಲಿಸಿದೆ. ಆ ಸ್ಟಾರ್ಮ್‌ಟ್ರೂಪರನ ಪುಟದಲ್ಲಿ ‘ಬಂದೂಕು ನಕಲಿ’ ಎಂದು ಕೆಂಪು ಶಾಯಿಯಲ್ಲಿದೆ. ಮೂರು ತಿಂಗಳಿಗೊಮ್ಮೆ ಎಲ್ಲವನ್ನೂ ಕೆಳಗಿಳಿಸಿ ಧೂಳು ಒರೆಸುವಾಗ ಕೀಲುಗಳನ್ನು ಮತ್ತೆ ಆಡಿಸಿ ನೋಡುತ್ತೇನೆ. ಕಳೆದ ಬಾರಿ ಅವನ ಎಡಗಾಲು ತೊಡೆಸಂದಿನಲ್ಲಿ ಸಡಿಲವಾಗಿ, ಅವನು ಒಂದು ಪಕ್ಕಕ್ಕೆ ವಾಲಲಾರಂಭಿಸಿದ್ದು ಕಂಡಿತು. ಅದನ್ನು ಪುಟದ ಕೆಳಗೆ ಬರೆದು, ಅವನನ್ನು ಅರೆಯ ಹಿಂದಿನ ಗೋಡೆಗೆ ಒರಗಿಸಿ ಕೂರಿಸಿದ್ದೇನೆ.